ಹುಲಿ ಮಲಗಿದ್ರೆ ನಿಮ್ಮ ಗಂಟೇನು ಹೋಯ್ತು?

ನಿನ್ನೆ ರಾತ್ರಿ ಹನ್ನೊಂದಕ್ಕೆ ತುಮಕೂರಿಗೆ ಬಂದು ಬಿದ್ದೆವು. ಕಾಲುನೋವು ಇಳಿದಿದೆ, ಸಿಟ್ಟು ಇಳಿದಿಲ್ಲ.

ಮೊಮ್ಮಗಳಿಗೆ ಮೈಸೂರು ಜೂ ತೋರಿಸೋಣ ಅಂತ ಬೆಳಗ್ಗೆ ಐದಕ್ಕೇ ಕುಣಿಗಲ್ ದಾರಿ ಹಿಡಿದಿದ್ದೆವು. ಹುಲಿ ಹತ್ತಿರ ಜನವೋ ಜನ. ಅದು ತನ್ನ ಪಾಡಿಗೆ ನೆರಳಲ್ಲಿ ಮಲಗಿದೆ. ಒಬ್ಬ ಮಹಾಶಯ ಮೊಬೈಲ್ ಹಿಡಿದು "ಏಯ್, ಎದ್ದೇಳೋ!" ಅಂತ ಕೂಗುತ್ತಿದ್ದಾನೆ. ಅವನ ಮಗ ಬಾಟಲಿಯಲ್ಲಿ ಕಂಬಿ ಬಡಿಯುತ್ತಿದ್ದಾನೆ. ಸುಮ್ನಿರಪ್ಪಾ ಅಂದೆ. "ಯಜಮಾನ್ರೇ, ದುಡ್ಡು ಕೊಟ್ಟು ಒಳಗೆ ಬಂದಿದೀವಿ" ಅಂದ.

ದುಡ್ಡು ಕೊಟ್ಟಿದ್ದು ನೋಡೋಕೆ ಸ್ವಾಮಿ, ಎಬ್ಬಿಸೋಕಲ್ಲ.

ಸಿಂಹ ದಿನಕ್ಕೆ ಇಪ್ಪತ್ತು ಗಂಟೆ ಬೇಕಾದರೂ ಬಿದ್ದುಕೊಂಡಿರುತ್ತದೆ. ಹುಲಿ ಓಡಾಡುವುದು ಸಂಜೆ ಕತ್ತಲಾದ ಮೇಲೆ, ಬೆಳಗಿನ ಜಾವ. ಜೂ ತೆರೆಯುವುದು ಎಂಟೂವರೆಗೆ, ಮುಚ್ಚುವುದು ಐದೂವರೆಗೆ. ಅಂದರೆ ನಾವು ಹೋಗುವುದೇ ಅದರ ನಿದ್ದೆ ಹೊತ್ತಿಗೆ. ವನ್ಯಜೀವಿ ಕಾಯ್ದೆಯ 38-ಜೆ ಸೆಕ್ಷನ್ ಪ್ರಕಾರ ಜೂ ಒಳಗೆ ಪ್ರಾಣಿಗಳನ್ನು ಕೆಣಕುವುದು, ತಿಂಡಿ ಎಸೆಯುವುದು, ಗಲಾಟೆ ಮಾಡುವುದು ಎಲ್ಲ ಅಪರಾಧ. ಯಾರಿಗೆ ಹೇಳೋಣ?

ಇದೇ ನಮ್ಮ ಹೆಬ್ಬೂರು, ಗುಬ್ಬಿ ಕಡೆ ಚಿರತೆ ಬಂದಾಗ ಸಂಜೆ ಆರಕ್ಕೇ ಬಾಗಿಲು ಹಾಕಿಕೊಂಡಿದ್ದೆವಲ್ಲ. ಆಗ ಒಬ್ಬರಾದರೂ "ಎದ್ದೇಳೋ" ಅಂದಿದ್ದರಾ? ಮಧ್ಯೆ ಕಂದಕ ಇದ್ದರೆ ಮಾತ್ರ ನಮ್ಮ ಶೌರ್ಯ.

1892ರಲ್ಲಿ ಚಾಮರಾಜ ಒಡೆಯರು ಶುರು ಮಾಡಿದಾಗ ಈ ಜೂ ಬರೀ 10 ಎಕರೆ. ಈಗ 157 ಎಕರೆ. ಲಾಲ್‌ಬಾಗ್ ಬೆಳೆಸಿದ ಜರ್ಮನಿಯ ಕೃಂಬಿಗಲ್ ಕೈ ಇಲ್ಲಿನ ತೋಟದಲ್ಲೂ ಇದೆ. ಅಷ್ಟು ಮರದ ನೆರಳಲ್ಲಿ ನಡೆಯುತ್ತಾ ನಮ್ಮ ಜನ ನೋಡುವುದು ಮೊಬೈಲ್. ಮೊಮ್ಮಗಳು ಜಿರಾಫೆ ಮುಂದೆ ಕಾಲು ಗಂಟೆ ನಿಂತಳು. "ತಾತ, ಅದರ ನಾಲಿಗೆ ಕಪ್ಪು!" ಹೌದು, ಕಪ್ಪು, ಒಂದೂವರೆ ಅಡಿ ಉದ್ದ. ಅಷ್ಟು ಹೊತ್ತಿನಲ್ಲಿ ನಾಲ್ಕು ಕುಟುಂಬ ಬಂದು ಸೆಲ್ಫಿ ತೆಗೆದು ಹೋದವು. ಒಬ್ಬರೂ ನಾಲಿಗೆ ನೋಡಲಿಲ್ಲ.

ಹುಲಿ ಮಲಗೇ ಇದ್ದರೆ ದೂರದಿಂದ ಬಂದ ಮಕ್ಕಳಿಗೆ ನಿರಾಸೆ ಆಗಲ್ವಾ ಅಂತ ನನ್ನ ಮಗನೇ ಕಾರಲ್ಲಿ ಕೇಳಿದ. ಆಗುತ್ತೆ, ಪಾಪ. ಮದ್ದೂರು ಬರುವ ತನಕ ಒಪ್ಪಿಕೊಂಡೆ. ಮದ್ದೂರಲ್ಲಿ ವಡೆ ತಿಂದ ಮೇಲೆ ಒಪ್ಪಲಿಲ್ಲ.

ಇಷ್ಟೆಲ್ಲ ಮಾತಾಡುವ ನಾನು ಯಾರು ಅಂತ ನಿಮಗೆ ಗೊತ್ತಲ್ಲ. ಮೂವತ್ತು ವರ್ಷ ಸೀಟಿ ಊದಿದ ಪಿಟಿ ಮೇಷ್ಟ್ರು. ಬೆಟ್ಟ, ಅರಮನೆ, ಜೂ, ಕೆಆರ್‌ಎಸ್ ಎಲ್ಲ ಒಂದೇ ದಿನಕ್ಕೆ ಮುಗಿಸಿದ ಟೂರ್‌ಗಳಿಗೆ ಲೆಕ್ಕವಿಲ್ಲ. ಒಂದು ಸಲ ಗೊರಿಲ್ಲಾ ಪೋಲೋ ಮುಂದೆಯೇ, ಹುಡುಗರನ್ನು ಸೇರಿಸೋಕೆ, ಜೋರಾಗಿ ಸೀಟಿ ಊದಿಬಿಟ್ಟೆ. ಅದು ಒಂಟಿ ಗೊರಿಲ್ಲಾ. ಮೆಲ್ಲಗೆ ತಿರುಗಿ ನನ್ನನ್ನೇ ನೋಡಿತು, ಆಮೇಲೆ ಬೆನ್ನು ಹಾಕಿ ಕೂತಿತು. 2014ರಲ್ಲಿ ಪೋಲೋ ಸತ್ತ ಸುದ್ದಿ ಪೇಪರಲ್ಲಿ ಓದಿದಾಗ ಮೊದಲು ನೆನಪಾಗಿದ್ದು ಆ ಬೆನ್ನು. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ.

ಸಂಜೆ ಕಾವಲಿನವರು ಎಲ್ಲರನ್ನೂ ಹೊರಗೆ ಕಳಿಸಿದರು. ಗೇಟ್ ದಾಟುವಾಗ ಒಳಗಿಂದ ಸಿಂಹದ ಗರ್ಜನೆ ಕೇಳಿತು, ಒಂದಾದ ಮೇಲೊಂದು. ನಮ್ಮ ಮಹಾಶಯ ಮೊಬೈಲ್ ಎತ್ತಿಕೊಂಡು ವಾಪಸ್ ಓಡಿದ. ಗೇಟ್ ಹಾಕಿಯಾಗಿತ್ತು. ನನಗಾದ ಖುಷಿ ವಯಸ್ಸಾದವನಿಗೆ ಹೇಳಿಕೊಳ್ಳುವಂಥದ್ದಲ್ಲ.