ಕಾರ್ಖಾನೆಯಿಂದ ತರಿಸುವ ಬೋರ್ಡು ನಮ್ಮ ಬಳಗದ ವಿಷಯವೇ?

ಬೆಳಗಾವಿಯ ಉದ್ಯಮಬಾಗದ ಆಸುಪಾಸಿನ ಹವ್ಯಾಸಿಗಳು ವಾರಕ್ಕೊಮ್ಮೆ ಕೂಡುವುದು ಮನೆಯಲ್ಲೇ ಪಿಸಿಬಿ, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ (ಟ್ರ್ಯಾಕು) ಜೋಡಿಸುವ ಸರ್ಕ್ಯೂಟ್ ಬೋರ್ಡು, ಮಾಡುವುದನ್ನು ಕಲಿಯಲು, ಕಲಿಸಲು. ಡಿಸೈನನ್ನು ಲೇಸರ್ ಪ್ರಿಂಟ್ ತೆಗೆದು, ಅದರ ಟೋನರನ್ನು ಇಸ್ತ್ರಿಯಿಂದ ತಾಮ್ರದ ಹಾಳೆಗೆ ಹತ್ತಿಸಿ, ಉಳಿದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುವುದು ನಮ್ಮ ಪದ್ಧತಿ. ಈಗೀಗ ಕಾರ್ಖಾನೆಗೆ ಆರ್ಡರ್ ಕೊಡುವ ಬೋರ್ಡುಗಳ ಪ್ರಶ್ನೆಯೂ ಬರುತ್ತಿದೆ. ಅದಕ್ಕೆ ಇಲ್ಲಿ ಜಾಗ ಕೊಡಬೇಕೇ?

ಪರ: ತಪ್ಪು ಹುಟ್ಟುವುದು ಡಿಸೈನಿನಲ್ಲಿ

ಎಷ್ಟೋ ಬೋರ್ಡುಗಳು ಕೆಡುವುದು ಫೆರಿಕ್ ಕ್ಲೋರೈಡಿಗೆ ಇಳಿಯುವ ಮೊದಲೇ. ಬಿ.ಸಿ. 547 (BC547) ಟ್ರಾನ್ಸಿಸ್ಟರನ್ನು ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಬರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್ 2222ರಲ್ಲಿ ಇದೇ ಸಾಲು ಉಲ್ಟಾ. ಡಿಸೈನ್ ಒಂದಕ್ಕೆ ಮಾಡಿ, ಅಂಗಡಿಯಲ್ಲಿ ಸಿಕ್ಕ ಇನ್ನೊಂದನ್ನು ಕೂರಿಸಿದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಸರಿಯಾಗಿ ಎಳೆಯುವುದಿಲ್ಲ. ಬೋರ್ಡು ಇಸ್ತ್ರಿಪೆಟ್ಟಿಗೆಯಿಂದ ಬಂದಿದ್ದರೂ ಅಷ್ಟೇ, ಕೊರಿಯರ್‌ನಲ್ಲಿ ಬಂದಿದ್ದರೂ ಅಷ್ಟೇ. ಕಾಲಿನ ಅಳತೆ ತಪ್ಪದಿರಲು ಮಾಡಬೇಕಾದ ಕೆಲಸವೂ ಎರಡಕ್ಕೂ ಒಂದೇ. ಡಿಸೈನನ್ನು ಅಳತೆ ಕುಗ್ಗಿಸದೆ ಕಾಗದದ ಮೇಲೆ ಪ್ರಿಂಟ್ ತೆಗೆದು, ಥರ್ಮಾಕೋಲ್ ಮೇಲಿಟ್ಟು, ರಿಲೇ ಮತ್ತು ಟರ್ಮಿನಲ್ಲುಗಳ ಕಾಲನ್ನು ಚುಚ್ಚಿ ನೋಡುವುದು.

ಕಾರ್ಖಾನೆಗೆ ಕಳಿಸುವಾಗ ಹೆಚ್ಚಿಗೆ ಬರುವುದು ಗರ್ಬರ್ ಫೈಲುಗಳ, ಅಂದರೆ ಬೋರ್ಡಿನ ನಕ್ಷೆಯನ್ನು ಕಾರ್ಖಾನೆಗೆ ತಿಳಿಸುವ ಫೈಲುಗಳ ಕಟ್ಟು: ತಾಮ್ರದ ಪ್ರತಿ ಪದರಕ್ಕೆ, ಸೋಲ್ಡರ್ ಮಾಸ್ಕಿಗೆ (ತಾಮ್ರದ ಮೇಲೆ ಬಳಿಯುವ ರಕ್ಷಣೆಯ ಲೇಪ), ಮೇಲಿನ ಬರಹಕ್ಕೆ, ಬೋರ್ಡಿನ ಅಂಚಿಗೆ ಒಂದೊಂದು, ರಂಧ್ರಗಳಿಗೆ ಬೇರೆ ಡ್ರಿಲ್ ಫೈಲು. ಅಂಚಿನ ಗೆರೆ ಎಲ್ಲಾದರೂ ತೆರೆದುಕೊಂಡಿದ್ದರೆ ಆರ್ಡರ್ ತಡೆಹಿಡಿದು ಕೇಳುತ್ತಾರೆ. ಡ್ರಿಲ್ ಫೈಲಿನ ಮೂಲಬಿಂದು ತಾಮ್ರದ ಪದರದ ಮೂಲಬಿಂದುವಿಗೆ ಹೊಂದದಿದ್ದರೆ ರಂಧ್ರಗಳೆಲ್ಲ ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಬಿಲ್ಲೆ) ಬಿಟ್ಟು ಸರಿಯುತ್ತವೆ. ಉಚಿತವಾಗಿ ಸಿಗುವ ಬೋರ್ಡ್ ಡಿಸೈನಿನ ಸಾಫ್ಟ್‌ವೇರ್ ಕಿಕ್ಯಾಡ್‌ನಲ್ಲೇ ಎಲ್ಲ ಪದರಗಳನ್ನು ಒಂದರ ಮೇಲೊಂದು ತೆರೆದರೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಹೊಸಬರಿಗೆ ಹತ್ತು ನಿಮಿಷದಲ್ಲಿ ತೋರಿಸಬಹುದಾದ್ದನ್ನು ನಿಷೇಧಿಸುವುದೇಕೆ?

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮ ಕಡೆ ಹವ್ಯಾಸಿ ಮಾಡಿದ ಎಷ್ಟೋ ಬೋರ್ಡು ಕೊನೆಗೆ ಹೋಗಿ ಕೂರುವುದು ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ, ತ್ರೀ ಫೇಸ್ ಸ್ಟಾರ್ಟರಿನ ಪಕ್ಕದಲ್ಲಿ. ಮಳೆಗಾಲದ ಥಂಡಿ, ಧೂಳು, ಇರುವೆ ಎಲ್ಲ ಸೇರಿ ಮನೆಯ ಬೋರ್ಡಿನ ಮಾಸ್ಕಿಲ್ಲದ ಬರಿ ತಾಮ್ರದ ಮೇಲೆ ಕರೆಂಟಿಗೆ ದಾರಿ ಮಾಡಿಕೊಡುತ್ತವೆ. ಲೈನ್ ಕರೆಂಟಿನ ಭಾಗಕ್ಕೂ 5 ವೋಲ್ಟಿನ ಭಾಗಕ್ಕೂ ನಡುವೆ 6 ಮಿಮೀ ಆದರೂ ಬಿಡಬೇಕು. ರಿಲೇ ಅಡಿಯಲ್ಲಿ ಅಷ್ಟು ಜಾಗ ಸಿಗದಿದ್ದರೆ ಬೋರ್ಡಿನಲ್ಲಿ ಸೀಳು ಕೊಯ್ಯಿಸಬೇಕು. ಮಾಸ್ಕ್ ಇದೆಯೆಂದು ಈ ಅಂತರ ಕಡಿಮೆ ಮಾಡುವಂತಿಲ್ಲ. ಮಾಸ್ಕ್ ತೇವ ತಡೆಯುತ್ತದೆ, ಅದನ್ನು ಇನ್ಸುಲೇಶನ್ ಎಂದು ನಂಬಬಾರದು. 5 ಆಂಪಿಯರ್ ಒಯ್ಯುವ ಟ್ರ್ಯಾಕು 35 ಮೈಕ್ರಾನ್ ತಾಮ್ರದಲ್ಲಿ ಸುಮಾರು 3 ಮಿಮೀ ಅಗಲ ಇದ್ದರೆ ಬಿಸಿ 10 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಇಂಥ ಬೋರ್ಡನ್ನು ಮನೆಯಲ್ಲಿ ಮಾಡಬೇಡ, ತರಿಸು ಎನ್ನುವುದು ಜೀವ ಉಳಿಸುವ ಸಲಹೆ. ತರಿಸು ಎಂದಮೇಲೆ ಹೇಗೆ ತರಿಸಬೇಕೆಂದೂ ಹೇಳಿಕೊಡಬೇಕು.

ಚರ್ಚೆಗೆ ಒಂದು ಎಲ್ಲೆ ಬೇಡವೆಂದಲ್ಲ. ಮೈಕ್ರೋಕಂಟ್ರೋಲರಿನ ಕೋಡು, ಮೊಬೈಲ್ ಆ್ಯಪ್ ಇವೆಲ್ಲ ಹೊರಗೇ ಇರಲಿ.

ವಿರೋಧ: ಕೈಯಿಂದ ಮಾಡುವ ಬೋರ್ಡಿನ ಲೆಕ್ಕವೇ ಬೇರೆ

ಒಂದೇ ಡಿಸೈನು ಎರಡಕ್ಕೂ ನಡೆಯುತ್ತದೆ ಎಂಬ ಮಾತು ಎರಡು ಪದರದ ಬೋರ್ಡಿಗೆ ಬಂದಕೂಡಲೇ ಬಿದ್ದುಹೋಗುತ್ತದೆ. ಕಾರ್ಖಾನೆ ಬೋರ್ಡಿನಲ್ಲಿ ರಂಧ್ರದ ಒಳಗೋಡೆಗೂ ತಾಮ್ರ ಇರುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಇರುವುದಿಲ್ಲ. ರೆಸಿಸ್ಟರಿನ ಕತ್ತರಿಸಿದ ಕಾಲನ್ನು ತೂರಿಸಿ ಎರಡೂ ಕಡೆ ಸೋಲ್ಡರ್ ಹಾಕಬೇಕು. ಐಸಿ (ಚಿಪ್) ಸಾಕೆಟ್ಟಿನ ಕಾಲಿಗೆ ಮೇಲ್ಪದರದಿಂದ ಟ್ರ್ಯಾಕ್ ತಂದಿದ್ದರೆ ಸಾಕೆಟ್ಟೇ ಅಡ್ಡ ಬಂದು ಸೋಲ್ಡರಿಂಗ್ ಐರನ್ನಿನ ತುದಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೀಗಾಗಿ ಮನೆಯ ಬೋರ್ಡಿನಲ್ಲಿ ಸಾಕೆಟ್ಟಿಗೆ ಬರುವ ಟ್ರ್ಯಾಕೆಲ್ಲ ಕೆಳಪದರದಲ್ಲೇ ಬರಬೇಕು. ಅಗಲದ ಮಾತೂ ಹಾಗೆಯೇ. ಕಾರ್ಖಾನೆಗೆ 0.15 ಮಿಮೀ ಟ್ರ್ಯಾಕು ಸಲೀಸು. ಮನೆಯಲ್ಲಿ 0.4ಕ್ಕಿಂತ ಸಣ್ಣದಕ್ಕೆ ಹೊಸಬರು ಕೈ ಹಾಕಬಾರದು, ಏಕೆಂದರೆ ದ್ರಾವಣ ತಾಮ್ರವನ್ನು ಮೇಲಿನಿಂದಷ್ಟೇ ಅಲ್ಲ, ಟೋನರಿನ ಅಡಿಗೆ ನುಗ್ಗಿ ಪಕ್ಕದಿಂದಲೂ ತಿನ್ನುತ್ತದೆ. ಎರಡೂ ಲೆಕ್ಕ ಒಂದೇ ಕೂಟದಲ್ಲಿ ಕಿವಿಗೆ ಬಿದ್ದರೆ ಹೊಸಬರು ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುತ್ತಾರೆ.

ಗರ್ಬರ್ ಕೆಟ್ಟರೆ ಕೇಳಲು ಕಾರ್ಖಾನೆಯವರಿದ್ದಾರೆ. ಟೋನರ್ ಏಕೆ ಎದ್ದುಬಂತು ಎಂದು ಕೇಳಲು ಈ ಬಳಗ ಬಿಟ್ಟರೆ ಇನ್ನೆಲ್ಲಿಗೆ ಹೋಗಬೇಕು? ಅದಕ್ಕೆ ಬೇಕಾದ ತಿಳಿವಳಿಕೆ ತುಂಬ ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಲೇಸರ್ ಪ್ರಿಂಟೇ ಆಗಬೇಕು; ಟೋನರ್ ಕಾವಿಗೆ ಕರಗುವ ಪ್ಲಾಸ್ಟಿಕ್ ಪುಡಿ, ಇಂಕ್‌ಜೆಟ್ಟಿನ ಶಾಯಿ ಅಲ್ಲ. ಕೆಳಪದರವನ್ನು ಇದ್ದಹಾಗೆಯೇ, ಮೇಲ್ಪದರವನ್ನು ಕನ್ನಡಿಬಿಂಬದಂತೆ ಪ್ರಿಂಟ್ ತೆಗೆಯಬೇಕು. ತಾಮ್ರವನ್ನು ನಯವಾದ ಪಾಲಿಶ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು ಇದ್ದಲ್ಲಿ ಟೋನರ್ ಹತ್ತುವುದಿಲ್ಲ. ಇಸ್ತ್ರಿಯನ್ನು ಕಾಟನ್ ಬಿಸಿಗಿಟ್ಟು, ಹಬೆ ಬಂದ್ ಮಾಡಿ, 3-4 ನಿಮಿಷ ಒತ್ತಬೇಕು. ವಿಪರೀತ ಒತ್ತಿದರೆ ಟ್ರ್ಯಾಕುಗಳು ಹರಡಿ ಒಂದಕ್ಕೊಂದು ಕೂಡುತ್ತವೆ. ಮೊದಲು ಬಿಡುವುದು ಅಂಚು, ಆದ್ದರಿಂದ ಇಸ್ತ್ರಿಯ ತುದಿಯಿಂದ ಅಂಚನ್ನು ಮತ್ತೊಮ್ಮೆ ತೀಡಬೇಕು.

ಬೆಳಗಾವಿಯ ಮಳೆಗಾಲದಲ್ಲಿ ಫೆರಿಕ್ ಕ್ಲೋರೈಡ್ ತಣ್ಣಗಾಗಿ ಕೆಲಸ ಎಳೆಯುತ್ತದೆ, ಎಳೆದಷ್ಟೂ ಟ್ರ್ಯಾಕು ಸವೆಯುತ್ತದೆ. ಪ್ಲಾಸ್ಟಿಕ್ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ದ್ರಾವಣವನ್ನು 40 ಡಿಗ್ರಿಗೆ ತಂದು ಅಲುಗಾಡಿಸುತ್ತಿದ್ದರೆ 10-15 ನಿಮಿಷದಲ್ಲಿ ಮುಗಿಯುತ್ತದೆ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಲೇಬಾರದು, ಪಾತ್ರೆಯನ್ನೇ ತಿನ್ನುತ್ತದೆ.

ಬಳಸಿ ಮುಗಿದ ದ್ರಾವಣದ ಹೊಣೆಯೂ ನಮ್ಮದೇ. ಅದರಲ್ಲಿ ಕರಗಿದ ತಾಮ್ರ ಮೀನಿಗೆ ವಿಷ. ಮೋರಿಗೆ ಸುರಿದರೆ ಅದು ಹೊಲಗದ್ದೆಗಳ ನಡುವೆ ಹರಿಯುವ ಬಳ್ಳಾರಿ ನಾಲೆಯಂಥ ಕಡೆಗೇ ಹೋಗುತ್ತದೆ. ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು. ಒಮ್ಮೆಗೇ ಸುರಿದರೆ ನೊರೆ ಉಕ್ಕಿ ಹೊರಬರುತ್ತದೆ. ನೊರೆ ಬರುವುದು ನಿಂತಮೇಲೆ ರಾತ್ರಿಯಿಡೀ ಬಿಟ್ಟರೆ ತಾಮ್ರ, ಕಬ್ಬಿಣ ಕೆಸರಾಗಿ ತಳ ಸೇರುತ್ತವೆ. ಆ ಕೆಸರನ್ನು ಸೋಸಿ, ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಅಪಾಯಕಾರಿ ಕಸವೆಂದೇ ಕೊಡಬೇಕು. ಇದನ್ನು ಪ್ರತಿ ಹೊಸಬರಿಗೂ ಮಾಡಿ ತೋರಿಸಲು ಸಮಯ ಬೇಕು, ಆ ಸಮಯವನ್ನೇ ಈಗ ಆರ್ಡರಿನ ದರ, ಕೊರಿಯರಿನ ಮಾತು ನುಂಗುತ್ತಿವೆ.

230 ವೋಲ್ಟಿನ ಬೋರ್ಡು ಮನೆಯಲ್ಲಿ ಬೇಡ ಎಂಬ ಎಚ್ಚರಿಕೆಗೆ ನಮ್ಮ ತಕರಾರಿಲ್ಲ, ಅದನ್ನು ಪ್ರತಿ ಕೂಟದಲ್ಲೂ ಹೇಳೋಣ. ಗರ್ಬರ್ ಬೇಕೆನ್ನುವವರಿಗೆ ತಿಂಗಳ ಕೊನೆಯ ಕೂಟವನ್ನು ಬಿಟ್ಟುಕೊಡೋಣ. ಉಳಿದ ವಾರಗಳಲ್ಲಿ ಮೇಜಿನ ಮೇಲೆ ತಾಮ್ರದ ಹಾಳೆ, ಇಸ್ತ್ರಿ, ಡ್ರಿಲ್ ಇದ್ದರೆ ಮಾತ್ರ ಚರ್ಚೆ.