ಮೊದಲು ಕೆರೆ, ಆಮೇಲೆ ಕಡಲು

ಕಲಂಗುಟ್, ಬಾಗಾ ಸಾಕಾಗಿ ಗೋವಾಕ್ಕೆ ಹೋಗುವ ನಮ್ಮ ಕಡೆಯವರು ಈಗೀಗ ಉತ್ತರಕ್ಕೆ ಸರಿಯುತ್ತಿದ್ದಾರೆ. ಸರಿದವರಲ್ಲಿ ಅನೇಕರು ಬಂದು ನಿಲ್ಲುವುದು ಪೆಡ್ಣೆ ತಾಲ್ಲೂಕಿನ ಹರಮಲ್‌ನಲ್ಲಿ, ಅಂದರೆ ಬೋರ್ಡುಗಳ ಮೇಲೆ ಅರಂಬೋಲ್ ಅಂತ ಇರುವ ಊರಲ್ಲಿ. ಅಲ್ಲಿನ ದೊಡ್ಡ ಬೀಚಿನ ಉತ್ತರ ತುದಿಗೆ ಬಂಡೆಗಳ ಗುಡ್ಡವೊಂದು ಕಡಲಿಗೆ ಚಾಚಿಕೊಂಡಿದೆ. ಅದನ್ನು ಬಳಸಿಕೊಂಡು ಆಚೆ ಹೋದರೆ ಕಲಾಚಾ ಎಂಬ ಪುಟ್ಟ ಬೀಚು. ಮುಂದೆ ಅರಬ್ಬಿ ಸಮುದ್ರ, ಹಿಂದೆ ಪಾಲಿಯೆಂ ಕಡೆಯ ಕಾಡಿನ ತೊರೆಯಿಂದ ತುಂಬುವ ಸಿಹಿನೀರಿನ ಕೆರೆ, ನಡುವೆ ಕೆಲವೇ ಹತ್ತು ಮಾರು ಅಗಲದ ಮರಳು. ಈ ಜಾಗದ ಬಗ್ಗೆ ಬರುವ ರೀಲುಗಳೆಲ್ಲ ಹೇಳುವುದು ಒಂದೇ: ಸಮುದ್ರದಲ್ಲಿ ಆಡಿ, ಓಡಿ ಬಂದು ಕೆರೆಯಲ್ಲಿ ಉಪ್ಪು ತೊಳೆದುಕೊಳ್ಳಿ.

ಈ ಕ್ರಮವೇ ತಲೆಕೆಳಗು ಅನ್ನುವುದು ನನ್ನ ವಾದ. ಕೆರೆಗೂ ಕೆಟ್ಟದ್ದು, ಇಳಿಯುವವರಿಗೂ ಅಪಾಯ. ಇಳಿಯಲೇಬೇಕೆಂದಿದ್ದರೆ ಬೆಳಗ್ಗೆ ಮೈಗೆ ಎಣ್ಣೆ-ಕ್ರೀಮು ಏನೂ ಹಚ್ಚದೆ ಮೊದಲು ಕೆರೆಗೆ ಇಳಿಯಿರಿ. ಆಮೇಲೆ ಕಡಲು. ಉಪ್ಪನ್ನು ರೂಮಿಗೆ ಹೋಗಿ ತೊಳೆದುಕೊಳ್ಳಿ.

ಉಪ್ಪಿನಿಂದ ಕೆರೆಗೆ ದೊಡ್ಡ ನಷ್ಟವಿಲ್ಲ, ನಾಲ್ಕು ಜನರ ಮೈಯ ಉಪ್ಪು ಎಷ್ಟಿದ್ದೀತು? ತೊಂದರೆ ಇರುವುದು ಸನ್‌ಸ್ಕ್ರೀನು, ತಲೆಗೆಣ್ಣೆ, ಸ್ಯಾಚೆ ಶಾಂಪೂವಿನಲ್ಲಿ. ಜನ ಹೆಚ್ಚಿದ್ದ ಮಧ್ಯಾಹ್ನ ದಂಡೆಯಲ್ಲಿ ಬಗ್ಗಿ ನೀರಿನ ಮೇಲ್ಮೈಯನ್ನು ಓರೆಯಾಗಿ ನೋಡಿದರೆ ಬಣ್ಣ ಬಣ್ಣದ ತೆಳು ಪದರ ತೇಲುವುದು ಕಾಣಿಸುತ್ತದೆ. ಕಡಲಿಗೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಬಂದದ್ದನ್ನು ಹೊತ್ತುಕೊಂಡು ಹೋಗುತ್ತದೆ. ಕೆರೆಗೆ ಆ ಸೌಲಭ್ಯವಿಲ್ಲ. ಮಳೆಗಾಲದಲ್ಲಿ ತೊರೆ ತುಂಬಿ ಹರಿದಾಗ ಹಳೆ ನೀರು ಹೊರಗೆ ಹೋಗುತ್ತದೆ. ಪ್ರವಾಸಿಗರ ಸೀಸನ್ ಶುರುವಾಗುವುದು ಅಕ್ಟೋಬರಿಗೆ. ಅಲ್ಲಿಂದ ಮೇ ತನಕ ತೊರೆ ಸಣ್ಣಗಾಗುತ್ತಲೇ ಹೋಗುತ್ತದೆ, ಮೀಯುವವರು ಮಾತ್ರ ಕಡಿಮೆಯಾಗುವುದಿಲ್ಲ. ಸೋಪು, ಉಚ್ಚೆ, ಊಟದ ಚೂರು ಇವೆಲ್ಲ ಪಾಚಿಗೆ ಗೊಬ್ಬರ. ಪಾಚಿ ಬೆಳೆದು ಕೊಳೆತರೆ ನೀರಿನ ಆಮ್ಲಜನಕ ಇಳಿಯುತ್ತದೆ, ಮೊದಲು ಸಾಯುವುದು ಮೀನು.

ಕಡಲ ಪಕ್ಕದಲ್ಲೇ ಇದ್ದೂ ಈ ನೀರು ಉಪ್ಪಾಗದೆ ಉಳಿದಿರುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಮಾಯೆ ಏನಿಲ್ಲ. ಗುಡ್ಡದಿಂದ ಬರುವ ನೀರು ಮರಳಿನ ದಿಬ್ಬದ ಹಿಂದೆ ಸಮುದ್ರ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ನಿಲ್ಲುತ್ತದೆ, ಮರಳಿನೊಳಗಿಂದ ನಿಧಾನಕ್ಕೆ ಕಡಲಿನತ್ತ ಒಸರುತ್ತಿರುತ್ತದೆ. ಹೀಗೆ ಒಸರುವ ಸಿಹಿನೀರೇ ಉಪ್ಪುನೀರನ್ನು ಹೊರಗೆ ತಳ್ಳಿ ಹಿಡಿದಿರುತ್ತದೆ. ಕರಾವಳಿಯ ಮರಳು ನೆಲದಲ್ಲಿ ಒಂದು ಲೆಕ್ಕವಿದೆ: ಸಿಹಿನೀರು ಸಮುದ್ರ ಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಆಳದವರೆಗೆ ಉಪ್ಪುನೀರನ್ನು ದೂರ ಇಡುತ್ತದೆ. ಅದೇ ಲೆಕ್ಕ ಉಲ್ಟಾ ಕೂಡ ನಡೆಯುತ್ತದೆ. ಬಾವಿ, ಬೋರ್‌ವೆಲ್ಲುಗಳಿಂದ ಎಳೆದು ಒಂದಡಿ ಮಟ್ಟ ಇಳಿಸಿದರೆ ಕೆಳಗಿನಿಂದ ಉಪ್ಪು 40 ಅಡಿ ಮೇಲೇರುವ ದಾರಿ ಆಯಿತು. ಹಾಗಾಗಿ ಇಂಥ ಕಡೆ ಪ್ರತಿ ರೂಮಿಗೂ ಶವರ್, ಪ್ರತಿ ರೆಸಾರ್ಟಿಗೂ ಈಜುಕೊಳ ಕೇಳುವ ನಮ್ಮಂಥ ಗಿರಾಕಿಗಳಿಗೂ ಇದರಲ್ಲಿ ಪಾಲಿದೆ.

ಇನ್ನು ಅಪಾಯದ ಮಾತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಸಿಹಿನೀರಿಗಿಂತ ಎರಡೂವರೆ ಶೇಕಡಾದಷ್ಟು ಸಾಂದ್ರ. ಕೇಳಲು ಅಲ್ಪ, ಆದರೆ ಮನುಷ್ಯನ ಮೈ ತೇಲುವುದು-ಮುಳುಗುವುದು ನಿರ್ಧಾರವಾಗುವುದು ಈ ಅಲ್ಪದಲ್ಲೇ. ಕಡಲಲ್ಲಿ ಆರಾಮಾಗಿ ಮಲಗಿ ತೇಲಿದವನು ಅದೇ ಧೈರ್ಯದಲ್ಲಿ ಕೆರೆಯಲ್ಲಿ ಬೆನ್ನು ಚಾಚಿದರೆ ಸೊಂಟದಿಂದ ಕೆಳಗೆ ಇಳಿಯುತ್ತಾ ಹೋಗುತ್ತಾನೆ. ಅಲೆಗಳ ಜೊತೆ ಗುದ್ದಾಡಿ ಕೈಕಾಲು ಸೋತಿರುವಾಗ ಇದು ಆಗುತ್ತದೆ, ಅದಕ್ಕೇ ಮೊದಲು ಕೆರೆ ಅನ್ನುವುದು. ತಳವೂ ಕಡಲಿನ ಹಾಗಲ್ಲ. ದಂಡೆಯಲ್ಲಿ ಮರಳು, ಒಳಕ್ಕೆ ಹೋದಂತೆ ಎಲೆ ಕೊಳೆತ ಮೆತ್ತನೆ ಕೆಸರು. ಹೆಜ್ಜೆ ಇಟ್ಟರೆ ಪಾದ ಹೂತು, ಕೆಳಗಿನಿಂದ ಕಂದು ಹೊಗೆಯಂತೆ ರಾಡಿ ಏಳುತ್ತದೆ. ಎದೆಮಟ್ಟದ ನೀರಲ್ಲಿ ನಿಂತವರಿಗೆ ತಮ್ಮ ಮಂಡಿಯೇ ಕಾಣುವುದಿಲ್ಲ, ಪಕ್ಕದಲ್ಲಿ ಮುಳುಗಿದ ಮಗು ಕಾಣುವುದು ದೂರದ ಮಾತು. ಅಲೆ ಇಲ್ಲದ ನೀರು ಮಕ್ಕಳಿಗೆ ಸುರಕ್ಷಿತ ಅಂತ ದಂಡೆಯಲ್ಲಿ ಬಿಟ್ಟು ಫೋನು ನೋಡುತ್ತಾ ಕೂರುವ ದೊಡ್ಡವರಿಗೆ ಇದನ್ನು ಎಷ್ಟು ಹೇಳಿದರೂ ಕಡಿಮೆ. ಮಗು ನೀರಲ್ಲಿದ್ದರೆ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರ ಇರಬೇಕು, ಅಷ್ಟೇ.

ಯಾರಾದರೂ ಮುಳುಗುತ್ತಿದ್ದರೆ ಈಜು ಬರುತ್ತೆ ಅಂತ ಹಾರಬೇಡಿ. ಗಾಬರಿಯಾದವರು ಅಪ್ಪಿಕೊಂಡು ಇಬ್ಬರೂ ಹೋಗುತ್ತಾರೆ. ಮುಚ್ಚಳ ಬಿಗಿಮಾಡಿದ 5 ಲೀಟರಿನ ಖಾಲಿ ಕ್ಯಾನು ಎಸೆಯಿರಿ, ದುಪಟ್ಟ ಗಂಟು ಹಾಕಿ ಎಸೆಯಿರಿ, ದಂಡೆಯಲ್ಲಿ ಮಲಗಿ ಕೋಲು ಚಾಚಿ. ತುರ್ತಿಗೆ 112, ಆಂಬುಲೆನ್ಸಿಗೆ 108. ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಮಾಪುಸಾದಲ್ಲಿ. ಕಲಾಚಾ ತನಕ ಗಾಡಿ ಬರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಡಲಿನದು ಬೇರೆ ಲೆಕ್ಕ. ಇಂಥ ಬಂಡೆ ಗುಡ್ಡಗಳ ಪಕ್ಕದಲ್ಲೇ ಹೊರಕ್ಕೆಳೆಯುವ ಸೆಳೆತ ಏಳುವುದು ಹೆಚ್ಚು. ದಂಡೆಗೆ ಬಂದ ನೀರು ವಾಪಸು ಹೋಗಲು ಬಂಡೆಯ ಬದಿಯ ಆಳದ ಜಾಡು ಹಿಡಿಯುತ್ತದೆ. ಅಕ್ಕಪಕ್ಕ ನೊರೆ ಏಳುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ ಕಪ್ಪಗೆ, ಶಾಂತವಾಗಿ ಕಂಡರೆ ಅಲ್ಲಿಗೇ ಇಳಿಯಬೇಡಿ. ನಮ್ಮವರು ಹುಡುಕಿಕೊಂಡು ಹೋಗಿ ಇಳಿಯುವುದೇ ಅಂಥ ಕಡೆ, ಅಲೆ ಇಲ್ಲ ಅಂತ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರ ಈಜಿ ಸುಸ್ತಾಗಬೇಡಿ. ಮೊದಲು ತೇಲಿ, ಸೆಳೆತದ ಬಿಗಿ ಕಡಿಮೆಯಾದ ಮೇಲೆ ದಂಡೆಗೆ ಸಮಾಂತರವಾಗಿ ಸರಿದು, ಅಲೆ ಒಡೆಯುವಲ್ಲಿಂದ ಒಳಗೆ ಬನ್ನಿ. ಕೆಂಪು ಬಾವುಟ ಕಂಡರೆ ಇಳಿಯುವ ಮಾತೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾವುಟ ನೋಡುವ ಅಗತ್ಯವೂ ಇಲ್ಲ, ಇಳಿಯಬಾರದು. ಆ ತಿಂಗಳುಗಳಲ್ಲಿ ಕೆರೆಯೂ ಬೇಡ: ಹೊಸ ನೀರು ಗುಡ್ಡದ ಕೊಳೆಯನ್ನೆಲ್ಲ ಹೊತ್ತು ತರುತ್ತದೆ, ಕಾಲಲ್ಲಿ ಗಾಯವಿದ್ದರೆ ಇಲಿಜ್ವರದ ಭಯ, ಮರಳು ಕೊಚ್ಚಿ ಕಡಲಿಗೆ ಹರಿಯುವ ಕಾಲುವೆಯ ಅಂಚು ನಿಂತಲ್ಲೇ ಕುಸಿಯುತ್ತದೆ.

ಕೆರೆಯ ದೊಡ್ಡ ಆಮಿಷ ಇನ್ನೊಂದಿದೆ. ಜೆಲ್ಲಿ ಮೀನು ಮುಟ್ಟಿದ ತಕ್ಷಣ ಜನ ಉರಿ ತಾಳದೆ ಸಿಹಿನೀರಿಗೆ ಓಡುತ್ತಾರೆ. ಆ ಕೆಲಸ ಮಾತ್ರ ಮಾಡಬೇಡಿ. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷದ ಕೋಶಗಳಿರುತ್ತವೆ, ಸಿಹಿನೀರು ತಾಗಿದರೆ ಅವೂ ಸಿಡಿಯುತ್ತವೆ. ಸಮುದ್ರದ ನೀರನ್ನೇ ಸುರಿದು ತೊಳೆಯಿರಿ, ಎಳೆಗಳನ್ನು ಬರಿಗೈಯಲ್ಲಲ್ಲದೆ ಎಟಿಎಂ ಕಾರ್ಡಿನ ಅಂಚಿನಿಂದಲೋ ಕಡ್ಡಿಯಿಂದಲೋ ಎತ್ತಿ, ಉಜ್ಜಬೇಡಿ. ಆಮೇಲೆ ತಾಳಿಕೊಳ್ಳುವಷ್ಟು ಬಿಸಿನೀರಲ್ಲಿ 20 ನಿಮಿಷ ಅದ್ದಿಟ್ಟರೆ ಹೆಚ್ಚಿನವರಿಗೆ ನೋವು ಇಳಿಯುತ್ತದೆ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ನೇರ ಆಸ್ಪತ್ರೆ.

ಹಳದಿ ಮಣ್ಣಿನ ಕಥೆಯನ್ನೂ ಹೇಳಿಬಿಡಬೇಕು. ಕೆರೆಯ ಹಿಂದೆ ತೊರೆ ಹಿಡಿದು ಕಾಡಿನೊಳಗೆ ಹೋದರೆ ಮುಂದೆ ದೊಡ್ಡ ಆಲದ ಮರವಿದೆ. ದಾರಿಯ ಬದಿಯಲ್ಲಿ ಹಳದಿ ಜೇಡಿ. ಅದನ್ನು ಮೈಗೆಲ್ಲ ಮೆತ್ತಿಕೊಂಡು, ಒಣಗಿ ಬಿರುಕು ಬಿಡುವ ತನಕ ಬಿಸಿಲಲ್ಲಿ ನಿಂತು, ಬಂದು ಕೆರೆಯಲ್ಲಿ ತೊಳೆಯುವುದು ಇಲ್ಲಿನ ಪದ್ಧತಿ. ಗಂಧಕವಿದೆ, ಚರ್ಮರೋಗ ಹೋಗುತ್ತೆ ಅಂತೆಲ್ಲ ಹೇಳುತ್ತಾರೆ. ಜೇಡಿ ಎಣ್ಣೆ ಹೀರುತ್ತದೆ, ಒಣಗಿದಾಗ ಚರ್ಮ ಬಿಗಿದಂತಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಾನು ನಂಬುವುದಿಲ್ಲ. ಒಬ್ಬೊಬ್ಬರು ಎರಡು ಬೊಗಸೆ ಅಗೆದರೂ ಸೀಸನ್ ಮುಗಿಯುವಷ್ಟರಲ್ಲಿ ತೊರೆಯ ದಡ ಒಳಗಿನಿಂದ ಟೊಳ್ಳಾಗುತ್ತದೆ, ಅಗೆದದ್ದೆಲ್ಲ ಕೆರೆಯ ತಳದಲ್ಲಿ ಹೂಳಾಗಿ ಕೂರುತ್ತದೆ. ಮುಖಕ್ಕೆ ಬೇಕಿದ್ದರೆ ಮುಲ್ತಾನಿ ಮಿಟ್ಟಿ ಎಲ್ಲ ಊರಲ್ಲೂ ಸಿಗುತ್ತದೆ.

ಹೊತ್ತಿನ ವಿಚಾರಕ್ಕೆ ಪಂಚಾಂಗ ಸಾಕು. ಗೋವಾ ಕಡೆ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಸರಿಸುಮಾರು ಮಧ್ಯಾಹ್ನಕ್ಕೆ, ಇಳಿತ ನಸುಕಿಗೆ ಮತ್ತು ಇಳಿಹೊತ್ತಿಗೆ. ಆಮೇಲೆ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ದಿನಗಳ ದೊಡ್ಡ ಉಬ್ಬರದಲ್ಲಿ ಮರಳು ತುಂಬಾ ಕಿರಿದಾಗುತ್ತದೆ, ಬೆಳಗ್ಗೆ 7ರಿಂದ 9ರೊಳಗೆ ಹೋದರೆ ಅಗಲ ಮರಳೂ ಸಿಗುತ್ತದೆ, ಜನವೂ ಇರುವುದಿಲ್ಲ. ಅಷ್ಟಮಿಯ ಹೊತ್ತಿಗೆ ಏರಿಳಿತವೇ ಕಡಿಮೆ, ಆಗ ಹೊತ್ತಿನ ಚಿಂತೆ ಬೇಡ. ನಿಖರ ಸಮಯಕ್ಕೆ ಮರ್ಮಗೋವಾ ಬಂದರಿನ ಉಬ್ಬರದ ಪಟ್ಟಿ ನೋಡಿಕೊಳ್ಳಿ.

ದೊಡ್ಡ ಬೀಚಿನಿಂದ ನಡಿಗೆ ಕಾಲು ಗಂಟೆ. ಗುಡ್ಡದ ಬದಿಯಲ್ಲಿ ಮೆಟ್ಟಿಲು ಹಾದಿ, ಉದ್ದಕ್ಕೂ ಬಟ್ಟೆ, ಮಣಿಸರದ ಅಂಗಡಿಗಳು. ಗೋವಾದ ಬೀಚುಗಳಲ್ಲಿ ಮಾರುವವರಲ್ಲಿ ಉತ್ತರ ಕರ್ನಾಟಕದ ಲಂಬಾಣಿ ಹೆಂಗಸರು ಬಹಳ. ಕನ್ನಡದಲ್ಲಿ ಮಾತಾಡಿಸಿದರೆ ರೇಟು ಇಳಿಯುತ್ತದೋ ಇಲ್ಲವೋ, ಯಾವ ದಾರಿ ಜಾರುತ್ತದೆ ಅಂತ ಸರಿಯಾಗಿ ಹೇಳುತ್ತಾರೆ. ಉಬ್ಬರದಲ್ಲಿ ಕೆಳಗಿನ ಬಂಡೆಗಳ ಮೇಲೆ ಹಾರಿ ಅಡ್ಡದಾರಿ ಹಿಡಿಯಬೇಡಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಕುಡಿಯುವ ನೀರು ತಲೆಗೆ ಒಂದೂವರೆ ಲೀಟರು. ಕೆರೆ ನೀರು ಸಿಹಿ ಅಂದ ಮಾತ್ರಕ್ಕೆ ಕುಡಿಯುವ ನೀರಲ್ಲ. ಬಿಸಿಲಿಗೆ ಕ್ರೀಮಿನ ಬದಲು ತುಂಬುತೋಳಿನ ಈಜು ಅಂಗಿ ಒಳ್ಳೆಯದು. ಗಾಜಿನ ಬಾಟಲಿ ತರುವುದು, ಬೀಚಿನಲ್ಲಿ ಕುಡಿಯುವುದು, ಒಲೆ ಹಚ್ಚಿ ಅಡುಗೆ ಮಾಡುವುದು ಗೋವಾದಲ್ಲಿ ದಂಡ ಬೀಳುವ ಕೆಲಸ. ಅಡುಗೆ ಸಾಮಾನಿನ ಜೊತೆ ಟೆಂಪೋ ಮಾಡಿಕೊಂಡು ಬರುವ ನಮ್ಮ ಕಡೆಯ ಗುಂಪುಗಳು ಇದನ್ನು ಗಮನಿಸಬೇಕು.

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಸಾಂಕ್ಲಿ, ಡಿಚೋಲಿ, ಮಾಪುಸಾ, ಶಿವೋಲಿ ಸೇತುವೆ ದಾಟಿ ಹರಮಲ್. ಕಾರವಾರದ ಕಡೆಯಿಂದ ಹೆದ್ದಾರಿ 66. ಬಸ್ಸಾದರೆ ಪಣಜಿಯಿಂದ ಮಾಪುಸಾ, ಅಲ್ಲಿಂದ ಹರಮಲ್ ಬಸ್ಸು. ರೈಲಿಗೆ ಪೆಡ್ಣೆ ನಿಲ್ದಾಣ, ವಿಮಾನಕ್ಕೆ 2023ರ ಜನವರಿಯಲ್ಲಿ ಶುರುವಾದ ಮೋಪಾ. ಸ್ಕೂಟರ್ ಬಾಡಿಗೆಗೆ ಹಿಡಿದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇದೆಯೇ ನೋಡಿ. ಬಿಳಿ ಫಲಕದ ಸ್ವಂತ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆ ಕೈಕೊಡುತ್ತದೆ.

ಕಲಾಚಾದಲ್ಲಿ ಆಗಲೇ ಜನ ತುಂಬಿದ್ದರೆ ಜಾಗಕ್ಕಾಗಿ ಹೊಡೆದಾಡಬೇಡಿ, ಗಾಡಿ ತಿರುಗಿಸಿ ಉತ್ತರದ ಕೇರಿ ಬೀಚಿಗೆ ಹೋಗಿ. ಗಾಳಿಮರಗಳ ನೆರಳಿದೆ, ಅಗಲ ಮರಳಿದೆ, ಎದುರಿಗೆ ತೆರೆಖೋಲ್ ಕೋಟೆ. ಆದರೆ ಅಲ್ಲಿ ನೀರಿಗಿಳಿಯುವುದಿದ್ದರೆ ನದಿ ಕಡಲು ಸೇರುವ ಅಳಿವೆಯಿಂದ ಚೆನ್ನಾಗಿ ದೂರ ಬನ್ನಿ. ಇಳಿತದ ಹೊತ್ತಿನಲ್ಲಿ ನದಿ ಮತ್ತು ಕಡಲು ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ.