ಹೊಂಗೆ ಡೀಸೆಲ್ ಕೆಡುವುದು ಬೀಜದಲ್ಲೇ

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಮಾತೆತ್ತಿದರೆ ಸಾಕು, ಕಾಸ್ಟಿಕ್ ಸೋಡಾ ಒಳ್ಳೆಯದೋ ಕಾಸ್ಟಿಕ್ ಪೊಟ್ಯಾಷ್ ಒಳ್ಳೆಯದೋ, ಮೊಟ್ಟೆ ಚಿಪ್ಪು ಸುಟ್ಟ ಸುಣ್ಣ ನಡೆಯುತ್ತದೋ ಎಂಬ ವಾದ ಶುರು. ಎಣ್ಣೆ ಮೆಥನಾಲ್ ಎಂಬ ಆಲ್ಕೋಹಾಲ್ ಜೊತೆ ಸೇರಿ ಬಯೋಡೀಸೆಲ್ ಮತ್ತು ಗ್ಲಿಸರಿನ್ ಆಗುವುದನ್ನು ಚುರುಕುಗೊಳಿಸುವ ವೇಗವರ್ಧಕಗಳಿವು. ನನ್ನ ಕೇಳಿದರೆ ಕೆಲಸ ಕೆಡುವುದು ವೇಗವರ್ಧಕದಿಂದಲ್ಲ, ಬೀಜದಿಂದ. ಮರದಡಿ ಬಿದ್ದ ಕಾಯಿ ಮಳೆಗೆ ನೆನೆದರೆ, ಗೋಣಿಚೀಲದಲ್ಲಿ ಬೀಜ ಮುಗ್ಗಿದರೆ, ಎಣ್ಣೆ ಒಡೆದು ಕೊಬ್ಬಿನಾಮ್ಲ ಬಿಡಿಯಾಗಿ ಹೊರಬರುತ್ತದೆ. ಸೋಡಾ ಸಿಕ್ಕಿದ ಕೂಡಲೇ ಆ ಆಮ್ಲ ಸಾಬೂನಾಗುತ್ತದೆ. ಹಾಕಿದ ಸೋಡಾವೂ ದಂಡ, ಗ್ಲಿಸರಿನ್ನೂ ಸರಿಯಾಗಿ ತಳಕ್ಕಿಳಿಯುವುದಿಲ್ಲ.

ಹಾಗಾಗಿ ಮೊದಲು ಆಮ್ಲ ಅಳೆಯಿರಿ. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ 1 ಮಿ.ಲೀ. ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್ (ಕ್ಷಾರ ಹೆಚ್ಚಾದರೆ ಗುಲಾಬಿಯಾಗುವ ಸೂಚಕ). ಲೀಟರ್ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲಬೇಕು. ಎಷ್ಟು ಮಿ.ಲೀ. ಹಿಡಿಯಿತೋ ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಸೋಡಾ, ಅದರ ಮೇಲೆ ಆಮ್ಲವಿಲ್ಲದಿದ್ದರೂ ಬೇಕಾಗುವ ಮೂಲದ 3.5 ಗ್ರಾಂ. ಪೊಟ್ಯಾಷ್ ಆದರೆ ಒಟ್ಟನ್ನು 1.4ರಿಂದ ಗುಣಿಸಿ. 3 ಮಿ.ಲೀ. ದಾಟಿತೋ, ಆಮ್ಲ ಶೇ 2ಕ್ಕಿಂತ ಹೆಚ್ಚಿದೆ ಎಂದರ್ಥ. ನೇರವಾಗಿ ಸೋಡಾ ಹಾಕುವ ಆಸೆ ಬಿಡಿ, ಮೊದಲು ಆ ಆಮ್ಲವನ್ನು ಇಳಿಸಬೇಕು.

ಅಂಥ ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ ನೀರು ಹೋಗಿಸಿ, 60 ಡಿಗ್ರಿಗೆ ಇಳಿಸಿ. ಲೀಟರ್‌ಗೆ 250 ಮಿ.ಲೀ. ಮೆಥನಾಲ್ ಅಳೆದು, ಅದಕ್ಕೆ 5 ಮಿ.ಲೀ. ಗಂಧಕಾಮ್ಲವನ್ನು ನಿಧಾನವಾಗಿ ಸುರಿದು, ಎಣ್ಣೆಗೆ ಸೇರಿಸಿ ಒಂದೆರಡು ಗಂಟೆ ಕಲಕಬೇಕು. ನಿಲ್ಲಲು ಬಿಟ್ಟರೆ ನೀರು, ಆಮ್ಲ, ಉಳಿದ ಮೆಥನಾಲ್ ಮೇಲೆ ಬರುತ್ತವೆ, ನಮಗೆ ಬೇಕಾದ ಎಣ್ಣೆ ಕೆಳಗೆ. ಮುಂದಿನ ಹಂತದಲ್ಲಿ ಇದು ತಿರುವುಮುರುವು, ಗ್ಲಿಸರಿನ್ ತಳದಲ್ಲಿರುತ್ತದೆ. ಯಾವಾಗ ಯಾವುದನ್ನು ಚೆಲ್ಲಬೇಕು ಅಂತ ಗಮನವಿರಲಿ.

ಮತ್ತೆ ಆಮ್ಲ ಅಳೆದು, ಬಂದ ಲೆಕ್ಕದ ಸೋಡಾವನ್ನು ಇನ್ನೊಂದು 250 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿ ಹಾಕಿ, 60 ಡಿಗ್ರಿಯಲ್ಲೇ ಒಂದು ಗಂಟೆ. ಮೆಥನಾಲ್ ಕುದಿಯುವುದು 64.7ಕ್ಕೆ, ಉರಿ ಜಾಸ್ತಿ ಮಾಡಿದರೆ ಆವಿಯಾಗಿ ಹೋಗುತ್ತದೆ, ಆ ಆವಿ ವಿಷ, ಬೆಂಕಿಯೂ ಹೊತ್ತುತ್ತದೆ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಬಯೋಡೀಸೆಲ್ ತೊಳೆಯುವಾಗ ಮೊದಲ ನೀರನ್ನು ತುಂತುರಾಗಿ ಬಿಡಿ. ಜೋರಾಗಿ ಕುಲುಕಿದರೆ ಮಜ್ಜಿಗೆಯಂತಾಗಿ ಬೇರ್ಪಡಲು ಸತಾಯಿಸುತ್ತದೆ.

ಪರಿವರ್ತನೆ ಪೂರ್ತಿಯಾಯಿತೇ ನೋಡಲು 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ. ತಳದಲ್ಲಿ ಎಣ್ಣೆ ಕೂತರೆ ಕೆಲಸ ಬಾಕಿ ಇದೆ. ಎರಡೂ 20–22 ಡಿಗ್ರಿಯಲ್ಲಿರಲಿ. ಬಯಲುಸೀಮೆಯ ಬೇಸಿಗೆ ಮಧ್ಯಾಹ್ನದಲ್ಲಿ ಅರೆಬರೆ ಮಾಲೂ ಪಾಸಾಗಿಬಿಡುತ್ತದೆ.

ಇನ್ನು ಮೊಟ್ಟೆ ಚಿಪ್ಪು. 800–900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣವಾಗುತ್ತದೆ, ಶುದ್ಧ ಎಣ್ಣೆಯಲ್ಲಿ ಕೆಲಸವನ್ನೂ ಮಾಡುತ್ತದೆ, ಸೋಸಿ ಮತ್ತೆ ಬಳಸಲೂಬಹುದು. ಆದರೆ ಗಾಳಿಗೆ ಬಿಟ್ಟರೆ ತೇವ, ಇಂಗಾಲದ ಡೈಆಕ್ಸೈಡ್ ಹೀರಿ ಸತ್ತುಹೋಗುತ್ತದೆ. ಹುಳಿ ಹೊಂಗೆ ಎಣ್ಣೆಗೆ ಹಾಕಿದರೆ ಕ್ಯಾಲ್ಸಿಯಂ ಸಾಬೂನಾಗುತ್ತದೆ, ಅದು ನೀರಲ್ಲಿ ಕರಗದು, ತೊಳೆದರೂ ಹೋಗದು. ಅಲ್ಲಿಗೆ ಗಂಧಕಾಮ್ಲದ ಹಂತ ಇದಕ್ಕೂ ತಪ್ಪಿದ್ದಲ್ಲ. ಚಿಪ್ಪು ಪುಕ್ಕಟೆ ಅನ್ನುವವರು ಭಟ್ಟಿಯ ಕರೆಂಟನ್ನೂ ಎರಡು ಸಲದ ಮೆಥನಾಲನ್ನೂ ಲೆಕ್ಕಕ್ಕೆ ಹಿಡಿಯಲಿ. ಹೆಚ್ಚುಳಿದ ಮೆಥನಾಲನ್ನು ಬಟ್ಟಿ ಇಳಿಸಿ ವಾಪಸ್ ಪಡೆಯುವ ಏರ್ಪಾಡಿಲ್ಲದಿದ್ದರೆ ಸೋಡಾ ಆಗಲಿ ಸುಣ್ಣ ಆಗಲಿ, ಗಿಟ್ಟುವುದು ಕಷ್ಟ.